ಕೈಯಳತೆಯ ರೌಟರ್: ಕೊಳ್ಳುವ ಮುನ್ನ, ಹಿಡಿಯುವ ಮುನ್ನ

(ಸದಸ್ಯರೊಬ್ಬರ ಅನುಭವ)

ಅಡಿಕೆ ಸುಲಿತ ಮುಗಿದು, ಕಾಫಿ ಕ್ಯೂರಿಂಗಿಗೆ ಹೋಗಿ, ಮೆಣಸಿನ ಚೀಲಗಳ ಬಾಯಿ ಹೊಲಿದಾದ ಮೇಲೆ ಮುಂಗಾರಿನವರೆಗೆ ಉಳಿಯುವ ಕೆಲವು ವಾರಗಳು ನಮ್ಮಂಥ ಸಣ್ಣ ಬೆಳೆಗಾರರಿಗೆ ಮನೆ ರಿಪೇರಿಯ ಕಾಲ. ಕೊಟ್ಟಿಗೆಯ ಬಾಗಿಲು ಜೋತುಬಿದ್ದಿರುತ್ತದೆ. ಕಿಟಕಿಯ ಚೌಕಟ್ಟಿನಿಂದ ಗಾಜು ಕಳಚಿರುತ್ತದೆ. ಜೇನು ಪೆಟ್ಟಿಗೆಯ ತಳ ಲಡ್ಡಾಗಿರುತ್ತದೆ. ಆಚಾರಿಗಳನ್ನು ಕರೆಯೋಣವೆಂದರೆ ಇಡೀ ಊರಿಗೆ ಒಬ್ಬರೋ ಇಬ್ಬರೋ. ಅವರೂ ಪೇಟೆಯ ಮನೆ ಕೆಲಸ ಹಿಡಿದರೆ ಮೂರು ತಿಂಗಳು ಇತ್ತ ತಲೆ ಹಾಕುವುದಿಲ್ಲ. ಅವರ ತಪ್ಪೇನೂ ಇಲ್ಲ. ಎರಡು ಕಚ್ಚು ತೆಗೆಯುವ ಕೆಲಸಕ್ಕಾಗಿ ಅವರು ದಿನವಿಡೀ ನಮ್ಮಲ್ಲಿ ಕೂರುವುದು ಅವರಿಗೂ ಗಿಟ್ಟುವುದಿಲ್ಲ.

ಇನ್ನೊಂದು ಕಡೆ ನಮ್ಮ ತೋಟದಲ್ಲೇ ಮರ ಉಂಟು. ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನೆಟ್ಟ ಸಿಲ್ವರ್ ಓಕ್ ಉಂಟು. ಗಾಳಿಗೆ ಬಿದ್ದ ಹಲಸು, ಮಾವು ಉಂಟು. ಅದನ್ನು ನಾಟದ ಲೆಕ್ಕದಲ್ಲಿ ವ್ಯಾಪಾರಿಗೆ ಕೊಟ್ಟು, ಅದೇ ಹಣಕ್ಕೆ ಪುಡಿ ಒತ್ತಿ ಮಾಡಿದ ಹಲಗೆಯ ಬೀರುವನ್ನು ಪೇಟೆಯಿಂದ ತಂದು, ಎರಡು ಮಳೆಗಾಲದಲ್ಲಿ ಅದು ಉಬ್ಬಿ ಹೋದದ್ದನ್ನು ಕಂಡವರು ನಮ್ಮಲ್ಲಿ ಕಡಿಮೆಯಿಲ್ಲ. ನಾನೂ ಅವರಲ್ಲಿ ಒಬ್ಬ. ಆ ಬೀರು ಒಲೆ ಸೇರಿದ ವರ್ಷವೇ ನಾನು ಒಂದು ಸಣ್ಣ ರೌಟರ್ ತಂದೆ. ಐದು ಬೇಸಿಗೆ ಅದನ್ನು ಬಳಸಿದ ಮೇಲೆ ತಿಳಿದದ್ದನ್ನು, ಕೆಡಿಸಿಕೊಂಡದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ರೌಟರ್ ಎಂದ ಕೂಡಲೇ ಮನೆಗೆ ಇಂಟರ್ನೆಟ್ ಹಂಚುವ ಡಬ್ಬಿ ಎಂದುಕೊಳ್ಳಬೇಡಿ. ಇದು ಮರಗೆಲಸದ ಯಂತ್ರ. ಒಂದು ಮೋಟಾರು, ಅದರ ತುದಿಯಲ್ಲಿ ಬಿಟ್ಟನ್ನು ಕಚ್ಚಿ ಹಿಡಿಯುವ ಕಾಲೆಟ್ ಎಂಬ ಸೀಳುಗೊಳವೆ, ಕೆಳಗೆ ಹಲಗೆಯ ಮೇಲೆ ಜಾರುವ ತಟ್ಟೆ. ಇಷ್ಟೇ. ಉಳಿ, ಕೊಡತಿ ಹಿಡಿದು ಅರ್ಧ ದಿನ ಕೆತ್ತುವ ಕಾಲುವೆಯನ್ನು ಇದು ಹತ್ತು ನಿಮಿಷದಲ್ಲಿ, ಆದಿಯಿಂದ ಅಂತ್ಯದವರೆಗೆ ಒಂದೇ ಆಳಕ್ಕೆ ತೆಗೆಯುತ್ತದೆ. ಇದರ ಸಣ್ಣ ರೂಪವನ್ನು ನಮ್ಮ ಆಚಾರಿಗಳು ಟ್ರಿಮ್ಮರ್ ಎನ್ನುತ್ತಾರೆ. ಮೇಜಿನ ಮೇಲೆ ಅಂಟಿಸಿದ ಸನ್‌ಮೈಕಾದ ಅಂಚು ಸವರುವುದಕ್ಕೆಂದು ಹುಟ್ಟಿದ ಯಂತ್ರವಾದ್ದರಿಂದ ಆ ಹೆಸರು. ಅಂಗಡಿಯಲ್ಲಿಯೂ ಹಾಗೆಯೇ ಕೇಳಿದರೆ ಬೇಗ ಗೊತ್ತಾಗುತ್ತದೆ.

ದೊಡ್ಡದೋ ಸಣ್ಣದೋ?

ಅಂಗಡಿಯವರು ದೊಡ್ಡದನ್ನೇ ತೋರಿಸುತ್ತಾರೆ. 1,800 ವಾಟಿನ ದೊಡ್ಡ ರೌಟರು ಐದಾರು ಕಿಲೋ ತೂಗುತ್ತದೆ, ಸುಮಾರು 8 ಆಂಪಿಯರ್ ಎಳೆಯುತ್ತದೆ. ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು. ನಮ್ಮ ಕಡೆ ಸಂಜೆಯ ಹೊತ್ತು ಪಂಪ್‌ಸೆಟ್ಟುಗಳೆಲ್ಲ ಓಡುವಾಗ ವೋಲ್ಟೇಜು ಎಲ್ಲಿಗೆ ಇಳಿಯುತ್ತದೆಂದು ಬೇರೆ ಹೇಳಬೇಕಿಲ್ಲ. 550 ವಾಟಿನ ಸಣ್ಣ ಯಂತ್ರ ಎಳೆಯುವುದು ಎರಡೂವರೆ ಆಂಪಿಯರ್ ಒಳಗೆ. ಮಿಕ್ಸಿಯ ಪ್ಲಗ್ಗಿನಲ್ಲೇ ಓಡುತ್ತದೆ. ತೂಕ ಒಂದೂವರೆ ಕಿಲೋ ಆಸುಪಾಸು. ದಿನಾಲೂ ಬಾಗಿಲು ಮಾಡಿ ಮಾರುವವರಲ್ಲದ ನಮಗೆ ಸಣ್ಣದೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಣ್ಣದರಲ್ಲೂ ಎರಡು ಬಗೆ. ಒಂದೇ ವೇಗದವು, ವೇಗ ಹೆಚ್ಚು ಕಡಿಮೆ ಮಾಡಬಹುದಾದವು. ಮಕಿಟಾ 3709 ಎಂಬುದು 530 ವಾಟು, ನಿಮಿಷಕ್ಕೆ 30,000 ಸುತ್ತು. ಬಾಷ್ ಜಿಕೆಎಫ್ 550 ಎಂಬುದು 550 ವಾಟು, 33,000 ಸುತ್ತು. ಎರಡಕ್ಕೂ ಇರುವುದು ಒಂದೇ ವೇಗ. ಮಕಿಟಾದ್ದೇ ಆರ್‌ಟಿ 0700 ಎಂಬುದು 710 ವಾಟು; ಅದರಲ್ಲಿ ವೇಗವನ್ನು 10,000ದಿಂದ 30,000ದವರೆಗೆ ತಿರುಗಣೆಯಿಂದ ಹೊಂದಿಸಬಹುದು. ಬೆಲೆ ಮೊದಲಿನವುಗಳ ಎರಡರಷ್ಟಾದರೂ ಆಗುತ್ತದೆ. ಹೆಚ್ಚಿನ ಹಣಕ್ಕೆ ತಕ್ಕ ಉಪಯೋಗ ಉಂಟೋ ಎಂದರೆ, ದೊಡ್ಡ ವ್ಯಾಸದ ಬಿಟ್ ಬಳಸುವವರಿಗೆ ಉಂಟು. 25 ಮಿ.ಮೀ. ವ್ಯಾಸದ ಬಿಟ್ಟು 30,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. 6 ಮಿ.ಮೀ. ಬಿಟ್ಟಿನ ಅಂಚು ಓಡುವುದು 34 ಕಿಲೋಮೀಟರ್ ವೇಗದಲ್ಲಿ. ಆದ್ದರಿಂದ ಒಂದೇ ವೇಗದ ಯಂತ್ರ ತಂದವರು ಸಣ್ಣ ಬಿಟ್ಟುಗಳಲ್ಲೇ ತೃಪ್ತರಾಗಬೇಕು. ಬಿಟ್ಟಿನ ಪೊಟ್ಟಣದ ಮೇಲೆ ಗರಿಷ್ಠ ವೇಗ ಬರೆದಿದ್ದರೆ ಅದನ್ನು ಓದಬೇಕು.

ಈಗಾಗಲೇ 18 ವೋಲ್ಟಿನ ಬ್ಯಾಟರಿಯ ಡ್ರಿಲ್ಲೋ ಸಣ್ಣ ಚೈನ್ ಗರಗಸವೋ ಇರುವವರು ಅದೇ ಕಂಪನಿಯ ಬ್ಯಾಟರಿ ರೌಟರನ್ನು, ಬ್ಯಾಟರಿ ಬಿಟ್ಟು ಬರಿಯ ಯಂತ್ರವನ್ನಷ್ಟೇ, ಕೊಳ್ಳಬಹುದು. ಕರೆಂಟಿನ ಚಿಂತೆಯೂ ಇಲ್ಲ, ಕಾಲಿಗೆ ತೊಡರುವ ವೈರೂ ಇಲ್ಲ. ಹೊಸದಾಗಿ ಬ್ಯಾಟರಿ ಸಮೇತ ಕೊಳ್ಳುವುದು ಮಾತ್ರ ದುಬಾರಿ.

ಹೆಸರಿಲ್ಲದ ಅಗ್ಗದ ಯಂತ್ರಗಳೂ ಬೇಕಾದಷ್ಟಿವೆ. ಅವನ್ನು ಕೊಳ್ಳಲೇಬಾರದೆಂದು ನಾನು ಹೇಳುವುದಿಲ್ಲ. ಆದರೆ ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಪ್ಲಗ್ ಹಾಕದೆ, ಬಿಟ್ ಸಿಕ್ಕಿಸಿ ಕೈಯಿಂದ ತಿರುಗಿಸಿ. ಬಿಟ್ಟಿನ ತುದಿ ಓಲಾಡಿದರೆ ಅಲ್ಲಿಯೇ ಬಿಟ್ಟು ಬನ್ನಿ. ಆಳ ಹೊಂದಿಸುವ ಸ್ಕ್ರೂ ಬಿಗಿದ ಮೇಲೆ ತಳದ ತಟ್ಟೆಯನ್ನು ಒತ್ತಿ ನೋಡಿ, ಸರಿದರೆ ಬೇಡ. ಕಾರ್ಬನ್ ಬ್ರಷ್ ಒಂದು ಜೊತೆ ಹೆಚ್ಚಿಗೆ ಕೇಳಿ. ಇಲ್ಲ ಎಂದರೆ, ಆ ಯಂತ್ರ ಎರಡು ವರ್ಷದಲ್ಲಿ ಮೂಲೆಗೆ ಬೀಳುವ ಸಂಭವ ಹೆಚ್ಚು.

ಕಾಲು ಅಂಗುಲ ಮತ್ತು ಆರು ಮಿಲಿಮೀಟರು

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಬಿಟ್ಟಿನ ಹಿಡಿಗಂಬ ಎರಡು ಅಳತೆಯಲ್ಲಿ ಬರುತ್ತದೆ. ಒಂದು 6 ಮಿ.ಮೀ., ಇನ್ನೊಂದು ಕಾಲು ಅಂಗುಲ, ಅಂದರೆ 6.35 ಮಿ.ಮೀ. ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. 6 ಮಿ.ಮೀ. ಕಾಲೆಟ್ಟಿಗೆ ಕಾಲು ಅಂಗುಲದ ಬಿಟ್ಟು ಹೋಗುವುದೇ ಇಲ್ಲ, ಅದರಿಂದ ಅಪಾಯವಿಲ್ಲ. ಆದರೆ ಕಾಲು ಅಂಗುಲದ ಕಾಲೆಟ್ಟಿಗೆ 6 ಮಿ.ಮೀ. ಬಿಟ್ಟು ಸಲೀಸಾಗಿ ಹೋಗುತ್ತದೆ. ಬಿಗಿದರೆ ಹಿಡಿದಂತೆಯೂ ಕಾಣುತ್ತದೆ.

ನನಗೆ ಆದದ್ದು ಹೀಗೆ. ನಮ್ಮ ತಂದೆಯವರ ಕಾಲದ ಹಲಸಿನ ಮರವೊಂದು ಒಂದು ಆಷಾಢದ ಗಾಳಿಗೆ ಬಿತ್ತು. ಅದರಿಂದ ಕೊಯ್ಸಿದ ಹಲಗೆಗಳು ಒಂಬತ್ತು ವರ್ಷ ಅಟ್ಟದ ಮೇಲೆ ಒಣಗಿದ್ದವು. ದೇವರ ಕೋಣೆಯ ಬಾಗಿಲಿಗೆಂದು ಅವುಗಳಲ್ಲಿ ಅತ್ಯಂತ ಅಗಲವಾದದ್ದನ್ನು ಆರಿಸಿದ್ದೆ. 6 ಮಿ.ಮೀ. ಆಳದ ಕಾಲುವೆ ತೆಗೆಯಬೇಕಿತ್ತು. ಅರ್ಧ ಹಲಗೆಯವರೆಗೆ ಸರಿಯಾಗಿಯೇ ಹೋಯಿತು. ಆಮೇಲೆ ಯಂತ್ರದ ಸದ್ದು ಬದಲಾಯಿತು, ಸುಟ್ಟ ವಾಸನೆ ಬಂತು. ನಾನು ಮರ ಗಟ್ಟಿ ಇರಬೇಕೆಂದುಕೊಂಡು ಇನ್ನೂ ಒತ್ತಿ ದೂಡಿದೆ. ನಿಲ್ಲಿಸಿ ನೋಡಿದಾಗ ಬಿಟ್ಟು ಕಾಲೆಟ್ಟಿನಿಂದ ಸ್ವಲ್ಪ ಸ್ವಲ್ಪವೇ ಕೆಳಗಿಳಿದು, ಒಂದು ಅಂಗುಲ ದಪ್ಪದ ಹಲಗೆಯನ್ನು ತೂತು ಮಾಡಿ, ಕೆಳಗಿನ ಬೆಂಚಿನ ಹಲಗೆಯನ್ನೂ ಗೀರಿತ್ತು. ಇನ್ನು ಒಂದಿಷ್ಟು ಇಳಿದಿದ್ದರೆ ಅದು ಪೂರ್ತಿ ಕಳಚಿ ಹಾರುತ್ತಿತ್ತು. ಹತ್ತಿರದಲ್ಲೇ ಮೊಮ್ಮಗ ಕೂತು ನೋಡುತ್ತಿದ್ದ.

ಅಂದಿನಿಂದ ಬಿಟ್ಟುಗಳನ್ನು ಎರಡು ಬೇರೆ ಡಬ್ಬಿಗಳಲ್ಲಿ ಇಟ್ಟಿದ್ದೇನೆ. ಒಂದು ಅಳತೆಯವಕ್ಕೆ ಮಾತ್ರ ಹಿಡಿಗಂಬದ ಮೇಲೆ ಕೆಂಪು ಬಣ್ಣದ ಚುಕ್ಕೆ. ನಿಜವಾಗಿ ನೋಡಿದರೆ ಎರಡನೆಯ ಡಬ್ಬಿಯೇ ಇರಬಾರದು. ಯಂತ್ರದ ಕಾಲೆಟ್ಟಿನ ಅಳತೆ ನೋಡಿಕೊಂಡು, ಅದೇ ಅಳತೆಯ ಬಿಟ್ಟುಗಳನ್ನು ಮಾತ್ರ ಕೊಳ್ಳುವುದು ಸರಿ.

ಬಿಟ್ಟನ್ನು ಹಾಕುವ ಕ್ರಮವೂ ಮುಖ್ಯ. ಮೊದಲು ಪ್ಲಗ್ಗನ್ನು ಗೋಡೆಯಿಂದ ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು. ಬಿಟ್ಟನ್ನು ಪೂರ್ತಿ ಒಳಗೆ ದೂಡಿ, ಅಲ್ಲಿಂದ ಎರಡು ಮಿ.ಮೀ. ಹೊರಗೆ ಎಳೆದು ಬಿಗಿಯಿರಿ. ತಳಕ್ಕೆ ತಾಗಿಕೊಂಡೇ ಬಿಗಿದರೆ ಹಿಡಿತ ಸರಿ ಬರುವುದಿಲ್ಲ. ಕನಿಷ್ಠ 20 ಮಿ.ಮೀ. ಹಿಡಿಗಂಬ ಒಳಗಿರಬೇಕು. ಬಿಟ್ಟಿಲ್ಲದೆ ಖಾಲಿ ಕಾಲೆಟ್ಟನ್ನು ಬಿಗಿಯಬಾರದು, ಅದು ಅಮುಕಿ ಹಾಳಾಗುತ್ತದೆ.

ಬಿಟ್ಟುಗಳಿಗೆ ಹಣ ಹಾಕಿ

ಯಂತ್ರದಲ್ಲಿ ಉಳಿಸಿದ ಹಣವನ್ನು ಬಿಟ್ಟಿಗೆ ಹಾಕಬೇಕು. ತುದಿಗೆ ಕಾರ್ಬೈಡ್ ಬೆಸೆದವನ್ನೇ ಕೊಳ್ಳಿ. ಬರಿಯ ಉಕ್ಕಿನವು ನಮ್ಮ ಹಲಸು, ಸಾಗುವಾನಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಾಗುವಾನಿಯ ಒಳಗೇ ಮರಳಿನ ಅಂಶ ಇರುವುದರಿಂದ ಅದು ಎಂಥ ಅಲಗನ್ನೂ ಮೊಂಡು ಮಾಡುತ್ತದೆ. ಐವತ್ತು ಬಿಟ್ಟಿನ ಬಣ್ಣಬಣ್ಣದ ಪೆಟ್ಟಿಗೆಗೆ ಮಾರುಹೋಗಬೇಡಿ. ನನ್ನ ಪೆಟ್ಟಿಗೆಯಲ್ಲಿ ಹದಿನೈದು ಇದ್ದವು. ಐದು ವರ್ಷದಲ್ಲಿ ಕೈಗೆ ಬಂದದ್ದು ನಾಲ್ಕು. ಕಾಲುವೆಗೆ 6 ಮಿ.ಮೀ. ಮತ್ತು 12 ಮಿ.ಮೀ. ನೇರ ಬಿಟ್ಟು, ಅಂಚು ದುಂಡಗೆ ಮಾಡುವ ಒಂದು ಬಿಟ್ಟು, ತುದಿಯಲ್ಲಿ ಬೇರಿಂಗ್ ಇರುವ ನೇರ ಬಿಟ್ಟು ಒಂದು. ಕೊನೆಯದು ಬಹಳ ಉಪಕಾರಿ. ಪ್ಲೈವುಡ್ಡಿನಲ್ಲಿ ಒಂದು ಅಚ್ಚು ಕತ್ತರಿಸಿ ಹಲಗೆಯ ಅಡಿಗೆ ಕೂರಿಸಿದರೆ ಬೇರಿಂಗ್ ಅಚ್ಚಿನ ಅಂಚಿನಲ್ಲೇ ಓಡುತ್ತದೆ, ಅಲಗು ಅದೇ ಆಕಾರವನ್ನು ಹಲಗೆಗೆ ಕೊಡುತ್ತದೆ. ಒಂದೇ ಅಚ್ಚಿನಿಂದ ಹತ್ತು ಕತ್ತಿಗೆ ಹಿಡಿ ಮಾಡಬಹುದು.

ಹೊಗೆ ಬರುತ್ತಿದ್ದರೆ, ಮರ ಕಪ್ಪಾಗುತ್ತಿದ್ದರೆ, ಒಂದೋ ಅಲಗು ಮೊಂಡಾಗಿದೆ, ಇಲ್ಲವೇ ನೀವು ತೀರಾ ನಿಧಾನ ದೂಡುತ್ತಿದ್ದೀರಿ. ನನ್ನಂತೆ ಬಿಟ್ಟು ಜಾರುತ್ತಿರಲೂಬಹುದು. ಮೂರರಲ್ಲಿ ಯಾವುದಾದರೂ ಮೊದಲು ಯಂತ್ರ ನಿಲ್ಲಿಸಿ.

ಪ್ರದಕ್ಷಿಣೆ, ಅಪ್ರದಕ್ಷಿಣೆ

ಯಂತ್ರವನ್ನು ಯಾವ ದಿಕ್ಕಿಗೆ ದೂಡಬೇಕೆಂಬುದೇ ಹೊಸಬರಿಗೆ ತಪ್ಪುವ ಜಾಗ. ಮೇಲಿನಿಂದ ನೋಡಿದರೆ ಬಿಟ್ಟು ಪ್ರದಕ್ಷಿಣೆಯಾಗಿ ತಿರುಗುತ್ತದೆ. ಆದ್ದರಿಂದ ಹಲಗೆಯ ಹೊರ ಅಂಚನ್ನು ಸವರುವಾಗ ನಾವು ಅಪ್ರದಕ್ಷಿಣೆಯಾಗಿ ಹೋಗಬೇಕು. ಕಿಟಕಿ ಚೌಕಟ್ಟಿನ ಒಳ ಅಂಚನ್ನು ಸವರುವಾಗ ಪ್ರದಕ್ಷಿಣೆಯಾಗಿ. ಹಲಗೆಯ ಮುಂದೆ ನಿಂತು ನಮ್ಮ ಕಡೆಯ ಅಂಚನ್ನು ಸವರುವುದಾದರೆ ಎಡದಿಂದ ಬಲಕ್ಕೆ. ಹೀಗೆ ಹೋದರೆ ಅಲಗು ನಮ್ಮ ಕೈಗೆ ಎದುರಾಗಿ ಒತ್ತುತ್ತದೆ, ಹಿಡಿತ ನಮ್ಮದಾಗಿರುತ್ತದೆ. ತಿರುಗಾಮುರುಗಾ ಹೋದರೆ ಅಲಗು ಚಕ್ರದಂತೆ ಅಂಚಿನ ಮೇಲೆ ಹತ್ತಿ ಯಂತ್ರವನ್ನೇ ಎಳೆದುಕೊಂಡು ಓಡುತ್ತದೆ. ಒಂದೂವರೆ ಕಿಲೋ ಯಂತ್ರವೆಂದು ಒಂದೇ ಕೈಯಲ್ಲಿ ಹಿಡಿದಿದ್ದರೆ ಆಗ ತಡೆಯಲಾಗುವುದಿಲ್ಲ. ಸಣ್ಣ ಯಂತ್ರದ ಅಪಾಯ ಇರುವುದೇ ಇಲ್ಲಿ. ನೋಡಲು ಆಟಿಕೆಯಂತಿರುವುದರಿಂದ ಭಯ ಹೋಗಿಬಿಡುತ್ತದೆ.

ನಾಲ್ಕು ಅಂಚನ್ನೂ ಸವರುವುದಾದರೆ ಮೊದಲು ನಾರು ಅಡ್ಡ ಕತ್ತರಿಸಿದ ಎರಡು ತುದಿಗಳನ್ನು ಮುಗಿಸಿ. ಅಲ್ಲಿ ಮೂಲೆ ಸ್ವಲ್ಪ ಸೀಳಿದರೂ ಆಮೇಲೆ ಉದ್ದದ ಅಂಚು ಸವರುವಾಗ ಅದು ಹೋಗುತ್ತದೆ.

ಒಂದೇ ಸಲಕ್ಕೆ ಪೂರ್ತಿ ಆಳ ತೆಗೆಯುವ ಆಸೆ ಬೇಡ. 6 ಮಿ.ಮೀ. ಬಿಟ್ಟಿನಲ್ಲಿ ಒಂದು ಸಲಕ್ಕೆ 3 ಮಿ.ಮೀ. ಸಾಕು. 9 ಮಿ.ಮೀ. ಬೇಕಾದರೆ ಮೂರು ಸಲ ಓಡಿಸಿ. ಹಲಗೆಯನ್ನು ಬೆಂಚಿಗೆ ಕ್ಲಾಂಪಿನಿಂದ ಬಿಗಿಯದೆ ಕೆಲಸ ಶುರು ಮಾಡಬೇಡಿ; ಕಾಲಿನಿಂದ ಮೆಟ್ಟಿ ಹಿಡಿಯುವ ನಮ್ಮ ಹಳೆಯ ಅಭ್ಯಾಸ ಇದಕ್ಕೆ ಸಲ್ಲದು. ಗೇಣಿಗಿಂತ ಸಣ್ಣ ತುಂಡಿಗೆ ಯಂತ್ರ ಹಚ್ಚಬೇಡಿ. ದೊಡ್ಡ ಹಲಗೆಯಲ್ಲೇ ಅಂಚು ತೆಗೆದು, ಆಮೇಲೆ ಬೇಕಾದಷ್ಟನ್ನು ಗರಗಸದಲ್ಲಿ ಕತ್ತರಿಸಿಕೊಳ್ಳಿ.

ಸಣ್ಣ ಯಂತ್ರದ ತಟ್ಟೆಯೂ ಸಣ್ಣದು. ಅಂಚಿನ ಮೇಲೆ ಓಡುವಾಗ ಅರ್ಧ ತಟ್ಟೆ ಗಾಳಿಯಲ್ಲಿರುವುದರಿಂದ ವಾಲುತ್ತದೆ. 6 ಮಿ.ಮೀ. ಪ್ಲೈವುಡ್ಡಿನ ಅಗಲವಾದ ತುಂಡೊಂದನ್ನು ತಟ್ಟೆಯ ಅಡಿಗೆ ಸ್ಕ್ರೂ ಮಾಡಿ, ನಡುವೆ ಬಿಟ್ಟಿಗೆ ದಾರಿ ಕೊಟ್ಟರೆ ಈ ತೊಂದರೆ ಮುಕ್ಕಾಲು ಪಾಲು ಹೋಗುತ್ತದೆ. ಸ್ಕ್ರೂ ತಲೆ ಮಾತ್ರ ಪ್ಲೈವುಡ್ಡಿನ ಒಳಗೆ ಹುದುಗಿರಲಿ.

ಜೇನು ಪೆಟ್ಟಿಗೆಯಲ್ಲಿ ಮೊದಲ ಪಾಠ

ಕಲಿಯುವುದಕ್ಕೆ ಜೇನು ಪೆಟ್ಟಿಗೆಗಿಂತ ಒಳ್ಳೆಯ ಕೆಲಸವಿಲ್ಲ. ಬಾಗಿಲು ಕೆಟ್ಟರೆ ಮನೆಮಂದಿಯೆಲ್ಲ ನೋಡುತ್ತಾರೆ, ಪೆಟ್ಟಿಗೆ ಕೆಟ್ಟರೆ ತುಡುವೆ ಮಾತ್ರ. ಆದರೆ ಅಳತೆಯಲ್ಲಿ ತುಡುವೆ ನಮ್ಮ ಆಚಾರಿಗಿಂತ ಕಟ್ಟುನಿಟ್ಟು. ಎರಿಯ ಚೌಕಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ನೊಣ ಓಡಾಡುವ ಸಂದು 7ರಿಂದ 8 ಮಿ.ಮೀ. ಆಸುಪಾಸು ಇರಬೇಕು. ಹೆಚ್ಚಾದರೆ ಅಲ್ಲಿ ಅಡ್ಡ ಎರಿ ಕಟ್ಟಿ ಚೌಕಟ್ಟನ್ನು ಗೋಡೆಗೆ ಬೆಸೆಯುತ್ತವೆ. ಕಡಿಮೆಯಾದರೆ ನೊಣ ನುಗ್ಗುವುದಿಲ್ಲ.

ಚೌಕಟ್ಟಿನ ಕಿವಿಗಳು ಕೂರುವುದಕ್ಕೆ ಪೆಟ್ಟಿಗೆಯ ಎರಡು ಹಲಗೆಗಳ ಮೇಲಂಚಿನಲ್ಲಿ ಮೆಟ್ಟಿಲಿನಂಥ ಕಚ್ಚು ಬೇಕು. ಎರಡು ಕಡೆಯ ಕಚ್ಚು ಒಂದೇ ಆಳದಲ್ಲಿಲ್ಲದಿದ್ದರೆ ಚೌಕಟ್ಟು ಓರೆಯಾಗುತ್ತದೆ. ಉಳಿಯಲ್ಲಿ ಕೆತ್ತಿ ನಾನು ಮಾಡಿದ ಪೆಟ್ಟಿಗೆಗಳಲ್ಲಿ ಒಂದೂ ಸರಿ ಬಂದಿರಲಿಲ್ಲ. ರೌಟರಿನಲ್ಲಿ ಉಪಾಯ ಹೀಗೆ. ಎರಡು ಹಲಗೆಗಳನ್ನು ಬೇರೆ ಮಾಡುವ ಮೊದಲು, ಉದ್ದನೆಯ ಒಂದೇ ಹಲಗೆಗೆ 12 ಮಿ.ಮೀ. ನೇರ ಬಿಟ್ಟು ಹಾಕಿ, ಯಂತ್ರದೊಡನೆ ಬರುವ ಅಂಚುಪಟ್ಟಿಯನ್ನು ಹಲಗೆಯ ಬದಿಗೆ ಆನಿಸಿ, ಉದ್ದಕ್ಕೂ ಕಚ್ಚು ತೆಗೆಯಬೇಕು. ಆಮೇಲೆ ಹಲಗೆಯನ್ನು ಎರಡು ತುಂಡು ಮಾಡಿದರೆ ಎರಡರ ಕಚ್ಚೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ. ಆಳವನ್ನು ಮೊದಲು ಕಸದ ತುಂಡಿನ ಮೇಲೆ ತೆಗೆದು, ನಿಮ್ಮ ಚೌಕಟ್ಟಿನ ಕಿವಿಯನ್ನೇ ಕೂರಿಸಿ ನೋಡಿ.

ಬಾಗಿಲಿನ ಬಿಜಾಗರಿ ಕೂರುವ ಕಚ್ಚಿಗೂ ಇದೇ ಕ್ರಮ. ಬಿಟ್ಟು ದುಂಡಗಿರುವುದರಿಂದ ಮೂಲೆಗಳು ದುಂಡಗೇ ಉಳಿಯುತ್ತವೆ, ಅವನ್ನು ಉಳಿಯಿಂದ ಚೌಕ ಮಾಡಬೇಕು. ಆಚಾರಿಗೆ ನನ್ನ ಮೊದಲ ಬಾಗಿಲು ತೋರಿಸಿದಾಗ, "ಭಟ್ರೇ, ಕಚ್ಚು ಚೆನ್ನಾಗಿ ಬಂದದೆ. ಗೆರೆ ಎಳೆದದ್ದೇ ಸೊಟ್ಟ" ಎಂದರು. ಮೂಲೆಮಟ್ಟ, ಅಳತೆಪಟ್ಟಿ ಇವುಗಳ ಕೆಲಸವನ್ನು ಯಂತ್ರ ಮಾಡುವುದಿಲ್ಲ.

ಮರ, ಪುಡಿ, ಮೈಮೇಲಿನ ಬಟ್ಟೆ

ಹಸಿ ಮರಕ್ಕೆ ರೌಟರ್ ಹಚ್ಚಿದರೆ ಅಂಚು ನಾರುನಾರಾಗಿ ಏಳುತ್ತದೆ, ಆಮೇಲೆ ಒಣಗಿ ಕಾಲುವೆಯೇ ಸೊಟ್ಟಗಾಗುತ್ತದೆ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷದ ಒಣಗು ಎಂಬ ಹಳೆಯ ಲೆಕ್ಕ ಇಟ್ಟುಕೊಳ್ಳಿ. ನಮ್ಮ ಮಳೆಗಾಲದ ಲೆಕ್ಕಕ್ಕೆ ಇನ್ನೂ ಸ್ವಲ್ಪ ಸೇರಿಸಿ. ಹಲಗೆಗಳ ನಡುವೆ ರೀಪು ಕೊಟ್ಟು, ನೆರಳಿನಲ್ಲಿ, ಗಾಳಿಯಾಡುವಂತೆ ಅಟ್ಟಿ ಇಡಬೇಕು. ಸಿಲ್ವರ್ ಓಕ್ ಸೆಡೆಯುವ ಮರವಾದ್ದರಿಂದ ಮೇಲೆ ಭಾರ ಬೇಕು. ಮಿಲ್ಲಿನಲ್ಲಿ ಅದನ್ನು ದಿಂಡಿನ ನಡುವಿನಿಂದ ಹೊರಕ್ಕೆ ಬರುವಂತೆ ಕೊಯ್ಸಿದರೆ ಹಲಗೆಯ ಮೇಲೆ ಕಸೂತಿಯಂಥ ಹೊಳಪು ಚುಕ್ಕೆಗಳು ಕಾಣುತ್ತವೆ, ಸೆಡೆಯುವುದೂ ಕಡಿಮೆ. ಕಡಿಯುವ ವಿಷಯದಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ಮರೆಯಬಾರದು. ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಕಿಲ್ಲವಾದರೂ, ಬೇರೆ ಜಾತಿಯ ಮರವಾದರೆ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಯೇ ಕೊಡಲಿ ಎತ್ತುವುದು ಕ್ಷೇಮ.

ಹಳೆಯ ದಾರಂದ, ಹಳೆಯ ಬಾಗಿಲಿನ ಹಲಗೆಯಾದರೆ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ. ತಲೆ ಮುರಿದು ಒಳಗುಳಿದ ಒಂದೇ ಮೊಳೆ ಬಿಟ್ಟನ್ನು ಹಾಳು ಮಾಡುವುದಲ್ಲದೆ ಚೂರನ್ನು ಕಣ್ಣಿಗೆ ಹಾರಿಸುತ್ತದೆ. ಕನ್ನಡಕ ಹಾಕದೆ ಸ್ವಿಚ್ ಒತ್ತಬೇಡಿ. ಕಿವಿಗೂ ಮುಚ್ಚಳ ಬೇಕು. ಹೆಗಲ ಮೇಲಿನ ಚೌಕವನ್ನು ಗೂಟಕ್ಕೆ ಸಿಕ್ಕಿಸಿ ಬನ್ನಿ. ಜೋತಾಡುವ ಬಟ್ಟೆ, ಕೈಗವಸು ಎರಡೂ ತಿರುಗುವ ಬಿಟ್ಟಿಗೆ ಸಿಕ್ಕಿಕೊಳ್ಳುವಂಥವು. ಲುಂಗಿಯಾದರೆ ಎತ್ತಿ ಕಟ್ಟಿ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲಬೇಡಿ. ಮನೆಯ ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಸೋರಿಕೆ ತಡೆ ಸ್ವಿಚ್ ಇಲ್ಲದವರು ಯಂತ್ರಕ್ಕಿಂತ ಮೊದಲು ಅದನ್ನು ಹಾಕಿಸಿಕೊಳ್ಳಿ.

ಪುಡಿಯ ವಿಷಯವನ್ನು ನಾವು ಹಗುರಾಗಿ ತೆಗೆದುಕೊಳ್ಳುತ್ತೇವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಪುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ವರ್ಷಕ್ಕೆ ಹತ್ತು ದಿನ ಕೆಲಸ ಮಾಡುವವರು ಹೆದರಬೇಕಾಗಿಲ್ಲ, ಆದರೆ ಮೂಗಿಗೆ ಮಾಸ್ಕ್ ಕಟ್ಟಿ, ಜಗಲಿಯ ಬದಲು ಬಯಲಿನ ಚಪ್ಪರದಲ್ಲಿ ಕೆಲಸ ಮಾಡುವುದಕ್ಕೆ ಖರ್ಚೇನಿಲ್ಲ. ಸಿಲ್ವರ್ ಓಕಿನ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ತುರಿಕೆ, ಗುಳ್ಳೆ ಏಳುತ್ತದೆ. ಕೆಲಸ ಮುಗಿದ ಕೂಡಲೇ ಕೈ ಮುಖ ತೊಳೆಯಿರಿ.

ಕೊನೆಗೆ ಯಂತ್ರದ ಆರೈಕೆ. ಗಾಳಿ ಕಿಂಡಿಯ ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಬಿಟ್ಟನ್ನೂ ಕಾಲೆಟ್ಟನ್ನೂ ಬಿಚ್ಚಿ ಒರೆಸಿ. ಹಲಸಿನ ಅಂಟು ಅಲಗಿಗೆ ಹಿಡಿದಿದ್ದರೆ ಸೀಮೆಎಣ್ಣೆಯಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ಮಳೆಗಾಲ ಬರುವ ಮೊದಲು ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ನೆರೆಯವರು ಯಂತ್ರ ಕೇಳಿದರೆ ಕೊಡಿ, ಬೋರ್ಡೋ ಸಿಂಪಡಿಸುವ ಪಂಪನ್ನು ಕೊಡುವುದಿಲ್ಲವೇ. ಬಿಟ್ಟುಗಳನ್ನು ಮಾತ್ರ ಅವರವರೇ ತಂದುಕೊಳ್ಳಲಿ.

ತೂತು ಬಿದ್ದ ಆ ಹಲಸಿನ ಹಲಗೆ ಏನಾಯಿತೆಂದು ಕೇಳುವವರಿದ್ದಾರೆ. ಮೂರು ತುಂಡು ಮಾಡಿದೆ. ಎರಡು ಮಣೆಯಾದವು. ಮೂರನೆಯದು ಅಡಿಕೆ ಸುಲಿಯುವ ಮೆಟ್ಟುಕತ್ತಿಗೆ ಪೀಠವಾಯಿತು; ಬಿಟ್ಟು ಜಾರಿ ಕೊರೆದ ತೂತು ಕತ್ತಿಯ ಬುಡ ಕೂರುವುದಕ್ಕೆ ಸರಿಯಾಗಿ ಒದಗಿತು.